ಖಾಲಿ ಬಿಟ್ಟ ನಂಬರುಗಳು

ಹಳೆಯ ಕಾಮಿಕ್ಸ್ ಸಂಗ್ರಹವೊಂದು ಮಾರಾಟಕ್ಕಿದೆ ಎಂದು ಸುದ್ದಿಯಾದ ಕೂಡಲೇ ನಮ್ಮ ಹವ್ಯಾಸದವರು ಫೋನ್ ಮಾಡಿ ಕೇಳುವುದು ಎರಡೇ ಪ್ರಶ್ನೆ. ಫ್ಯಾಂಟಮ್ ಎಷ್ಟಿವೆ? ಕಂಡೀಷನ್ ಹೇಗಿದೆ? ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ, ಅದನ್ನು ಕೇಳುವವರು ವಿರಳ: ಕೂಡಿಟ್ಟವರು ಪಟ್ಟಿ ಬರೆದಿಟ್ಟಿದ್ದಾರೆಯೇ? ಪಟ್ಟಿ ಇದ್ದರೆ ನಾನು ನಾಲ್ಕು ಕಾಸು ಹೆಚ್ಚೇ ಕೊಡುತ್ತೇನೆ. ಇರುವ ಪುಸ್ತಕ ಕಣ್ಣಿಗೆ ಕಾಣುತ್ತದೆ. ಇಲ್ಲದ್ದು ಯಾವುದೆಂದು ಹೇಳಲು ಪಟ್ಟಿಯೇ ಬೇಕು.

ಈಚೆಗೆ ಅಂಥದೊಂದು ಪಟ್ಟಿ ನನಗೆ ಸಿಕ್ಕಿದ್ದು ಉಚ್ಚಂಗಿದುರ್ಗದಲ್ಲಿ. ಹರಪನಹಳ್ಳಿ ತಾಲ್ಲೂಕಿನ ಈ ಊರಿಗೆ ಜನ ಬರುವುದು ಬೆಟ್ಟದ ಮೇಲಿನ ಉಚ್ಚಂಗೆಮ್ಮನ ದರ್ಶನಕ್ಕೆ. ಗಂಗರ ಮಾರಸಿಂಹ ಹಿಡಿದ ಕೋಟೆ, ಪಾಂಡ್ಯರು ಆಳಿದ ಕೋಟೆ, ಹೊಯ್ಸಳ ವೀರಬಲ್ಲಾಳ ಗೆದ್ದು ಶಾಸನಗಳಲ್ಲಿ ಹೊಗಳಿಸಿಕೊಂಡ ಕೋಟೆ. ಕಾಮಿಕ್ಸ್ ಬರೆಯುವವರಿಗೆ ಬೇಕಾದ ಸರಕೆಲ್ಲ ಇರುವ ಊರು. ಅಲ್ಲಿ ಮೇಷ್ಟ್ರೊಬ್ಬರು ಜೀವಮಾನವಿಡೀ ಕೂಡಿಟ್ಟದ್ದನ್ನು ಅವರ ಮಗ ಅಟ್ಟದಿಂದ ಇಳಿಸಿ ಪಡಸಾಲೆಯಲ್ಲಿಟ್ಟಿದ್ದರು. ‘ಸರ್, ರದ್ದಿಯವ್ರು ಕೆಜಿ ಲೆಕ್ಕದಾಗ ಕೇಳ್ಯಾರ. ನೀವು ಹೆಂಗ ತಗೊಂತೀರಿ?’ ಎಂದರು. ಲೆಕ್ಕ ಆಮೇಲೆ, ಮೊದಲು ಟ್ರಂಕಿನ ಮುಚ್ಚಳ ತೆಗೆದು ಹಾಗೇ ಒಂದು ಫೋಟೊ ತೆಗೆಯೋಣ ಎಂದೆ.

ಇದು ವಿಂಗಡಣೆಯ ಮೊದಲ ನಿಯಮ. ಆತುರಕ್ಕೆ ಎಲ್ಲವನ್ನೂ ಚಾಪೆಯ ಮೇಲೆ ಸುರಿದರೆ ಕೂಡಿಟ್ಟವರ ಕ್ರಮ ಹಾಳಾಗುತ್ತದೆ. ಯಾವುದರ ಪಕ್ಕ ಯಾವುದನ್ನು ಇಟ್ಟಿದ್ದರು, ಯಾವುದಕ್ಕೆ ಬ್ರೌನ್ ಪೇಪರ್ ಹಾಕಿದ್ದರು, ಯಾವುದನ್ನು ಹಾಗೇ ಬಿಟ್ಟಿದ್ದರು ಎಂಬುದೂ ಸಂಗ್ರಹದ ಭಾಗವೇ. ಮೇಷ್ಟ್ರ ಟ್ರಂಕಿನಲ್ಲಿ ಮೇಲೆ ಇಂದ್ರಜಾಲ ಕಾಮಿಕ್ಸ್, ನಡುವೆ ಕನ್ನಡ, ಇಂಗ್ಲಿಷ್ ಎರಡೂ ಬಗೆಯ ಅಮರ ಚಿತ್ರ ಕಥೆಗಳು, ತಳದಲ್ಲಿ ಬೈಂಡು ಮಾಡಿಸಿದ ಚಂದಮಾಮಗಳು. ಎಲ್ಲದರ ಮೇಲೆ ಒಂದು ಉದ್ದ ನೋಟ್‌ಬುಕ್ಕು. ಅದರಲ್ಲಿ ಹಾಜರಿ ಪುಸ್ತಕದ ಹಾಗೆ ಗೆರೆ ಎಳೆದು ನಂಬರು, ಹೆಸರು, ಕೊಂಡ ಊರು. ಸಿಗದ ನಂಬರುಗಳ ಮುಂದೆ ಜಾಗ ಖಾಲಿ.

ಇಂದ್ರಜಾಲದ ಪುಟದಲ್ಲಿ 123 ಮತ್ತು 124ರ ಮುಂದೆ ಖಾಲಿ ಬಿಟ್ಟು ಪೆನ್ಸಿಲಿನಲ್ಲಿ ‘ದಾವಣಗೆರೆ ವಿಚಾರಿಸಬೇಕು’ ಎಂದಿತ್ತು. ಅದರ ಕೆಳಗೆ ಬೇರೆ ಶಾಯಿಯಲ್ಲಿ ‘ಬೆಂಗಳೂರು’. ಪಾಪ, ಮೇಷ್ಟ್ರು ಬೊಂಬಾಯಿಗೇ ಹೋಗಿದ್ದರೂ ಅವು ಸಿಗುತ್ತಿರಲಿಲ್ಲ. ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚಿನಲ್ಲಿ 60 ಪೈಸೆ ಬೆಲೆಗೆ ಶುರುಮಾಡಿದ ಈ ಮಾಲೆ 1990ರವರೆಗೆ ನಡೆಯಿತು. ಲೆಕ್ಕದ ಪ್ರಕಾರ 805 ಸಂಚಿಕೆ ಆಗಬೇಕು, ಬಂದದ್ದು 803. ಸಂಸ್ಥೆಯಲ್ಲಿ ಮುಷ್ಕರವಾಗಿ 123, 124 ಅಚ್ಚಾಗಲೇ ಇಲ್ಲ. ಹೊಸಬರು ಇದನ್ನು ತಿಳಿದಿರಬೇಕು. ಆ ಎರಡು ನಂಬರು ತಮ್ಮಲ್ಲಿವೆ ಎನ್ನುವವರ ಜೊತೆ ವ್ಯಾಪಾರ ಬೇಡ.

ಇಂದ್ರಜಾಲದ ಮೊದಲ ಸಂಚಿಕೆ ಫ್ಯಾಂಟಮ್‌ನ ಬೆಲ್ಟಿನ ಕಥೆ. ಅಮೆರಿಕದ ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಈ ‘ನಡೆದಾಡುವ ಭೂತ’ ಇಂಡಿಯಾಕ್ಕೆ ಬರುವಾಗ ಸಣ್ಣಪುಟ್ಟ ವೇಷ ಬದಲಿಸಿಕೊಂಡಿತು. ಮೂಲದ ಬಂಗಲ್ಲಾ ದೇಶ ಇಲ್ಲಿ ಡೆಂಕಾಲಿಯಾಯಿತು, ಸಿಂಗ್ ಕಡಲ್ಗಳ್ಳರು ಸಿಂಗಾ ಆದರು. ಬಂಗಾಳದವರಿಗೂ ಸಿಖ್ಖರಿಗೂ ಬೇಸರವಾಗದಿರಲೆಂದು ಮಾಡಿದ ತಿದ್ದುಪಡಿ. 1976ರಲ್ಲಿ ಆಬಿದ್ ಸುರ್ತಿ ಬಹಾದ್ದೂರನನ್ನು ತಂದ ಮೇಲೆ ನಮ್ಮದೇ ನೆಲದ ನಾಯಕನೂ ಬಂದ. ವಿಂಗಡಿಸುವಾಗ ಇವನ್ನು ನಾಯಕರ ಪ್ರಕಾರ ಗುಡ್ಡೆ ಹಾಕುವವರಿದ್ದಾರೆ. ಫ್ಯಾಂಟಮ್ ಒಂದು ಕಡೆ, ಮ್ಯಾಂಡ್ರೇಕ್ ಒಂದು ಕಡೆ. ಮಾರುವವರಿಗೆ ಅದು ಅನುಕೂಲ. ಓದುವವರು, ಕಾಪಾಡುವವರು ನಂಬರಿನ ಪ್ರಕಾರ ಇಡುವುದೇ ಸರಿ. ಆಗಲೇ ಖಾಲಿ ಜಾಗ ಕಾಣುವುದು.

ಅಮರ ಚಿತ್ರ ಕಥೆಯ ವಿಂಗಡಣೆ ಇನ್ನೂ ಸ್ವಾರಸ್ಯದ್ದು, ಇನ್ನೂ ಗೋಜಲಿನದು. ಒಂದೇ ಕಥೆ ಹತ್ತಾರು ಸಲ ಮರುಮುದ್ರಣವಾಗಿರುತ್ತದೆ. ಇಸವಿ ಸಿಗದಿದ್ದಾಗ ಎರಡು ಗುರುತು ನೋಡಬೇಕು: ಒಂದು ಬೆಲೆ, ಇನ್ನೊಂದು ಒಳಗೆ ಕೊಟ್ಟಿರುವ ‘ನಮ್ಮ ಇತರ ಪ್ರಕಟಣೆಗಳು’ ಪಟ್ಟಿ. ನಿಮ್ಮ ಕೈಲಿರುವುದು 20ನೇ ನಂಬರಿನ ಪುಸ್ತಕವಾಗಿದ್ದು, ಅದರ ಪಟ್ಟಿಯಲ್ಲಿ 150ನೇ ಪುಸ್ತಕದ ಹೆಸರಿದ್ದರೆ ಅದು ಮೊದಲ ಮುದ್ರಣವಲ್ಲ. ಹಣದ ಕೊರತೆಯಿಂದ ಶುರುವಿನಲ್ಲಿ ಹಳದಿ, ನೀಲಿ, ಹಸಿರಿನಲ್ಲೇ ಬಣ್ಣ ತುಂಬುತ್ತಿದ್ದರು, ಅದೂ ಒಂದು ಸುಳಿವು. ಮುಂದೆ ದಪ್ಪ ರಟ್ಟಿನ ಡೀಲಕ್ಸ್ ಆವೃತ್ತಿ ತಂದಾಗ 501ರಿಂದ ಹೊಸ ನಂಬರು ಹಾಕಿದರು. ಹೀಗಾಗಿ ‘ಕೃಷ್ಣ’ ಒಂದು ಕಡೆ 11, ಇನ್ನೊಂದು ಕಡೆ 501. ಎರಡನ್ನೂ ಒಂದೇ ಸಾಲಿಗೆ ಸೇರಿಸಿದರೆ ಪಟ್ಟಿ ಕೆಡುತ್ತದೆ.

ಮೇಷ್ಟ್ರ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಮರ ಚಿತ್ರ ಕಥೆಯ ಸಾಲು ಶುರುವಾಗುವುದೂ 11ರಿಂದಲೇ. ಅದರ ಮೇಲೆ ಹತ್ತು ಗೆರೆ ಖಾಲಿ. ಇವು 123, 124ರಂಥ ಖಾಲಿ ಅಲ್ಲ. ಈ ಹತ್ತು ಪುಸ್ತಕಗಳು ಅಚ್ಚಾಗಿದ್ದವು, ಮಾರಾಟವಾಗಿದ್ದವು. ಅವು ಬಂದದ್ದು ಕನ್ನಡದಲ್ಲಿ.

ಅಮರ ಚಿತ್ರ ಕಥೆಯ ಹುಟ್ಟಿನ ಬಗ್ಗೆ ಎಲ್ಲರಿಗೂ ಗೊತ್ತಿರುವ ಕಥೆ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ಅವರದು. 1967ರಲ್ಲಿ ಅವರು ದೆಹಲಿಯಲ್ಲಿ ಟಿ.ವಿ. ಕ್ವಿಜ್ ಒಂದನ್ನು ನೋಡಿದರು. ಗ್ರೀಕ್ ಪುರಾಣದ ಪ್ರಶ್ನೆಗೆ ಪಟಪಟನೆ ಉತ್ತರಿಸಿದ ಮಕ್ಕಳಿಗೆ ರಾಮನ ತಾಯಿ ಯಾರೆಂದು ಹೇಳಲಾಗಲಿಲ್ಲ. ಆ ಕೊರಗೇ ಮಾಲೆಗೆ ಪ್ರೇರಣೆ ಎನ್ನುತ್ತಾರೆ. ಅದಕ್ಕೂ ಎರಡು ವರ್ಷ ಮೊದಲು, 1965ರಲ್ಲಿ, ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಕನ್ನಡದಲ್ಲಿ ಚಿತ್ರಕಥೆ ಪುಸ್ತಕಗಳನ್ನು ಹೊರತಂದಿದ್ದರು. ವಿಷಯ ರಾಮಾಯಣವಲ್ಲ, ಪಶ್ಚಿಮದ ಮಕ್ಕಳ ಕಥೆಗಳು: ಜ್ಯಾಕ್ ಮತ್ತು ಅವನ ಅವರೆಬಳ್ಳಿ, ಸಿಂಡ್ರೆಲಾ, ಕೆಂಪು ಟೋಪಿಯ ಹುಡುಗಿ, ಪಿನೋಕಿಯೊ, ಜೊತೆಗೆ ಅಲ್ಲಾದೀನ. ಅವು ಚೆನ್ನಾಗಿ ಖರ್ಚಾದವು. ಮುಂಬಯಿಯ ಮುಖ್ಯ ಕಚೇರಿಯಲ್ಲಿದ್ದ ಮೀರ್‌ಚಂದಾನಿಯವರಿಗೆ ಇಂಗ್ಲಿಷ್ ಮಾಲೆಗೆ ಕೈಹಾಕುವ ಧೈರ್ಯ ಬಂದದ್ದು ಆ ಯಶಸ್ಸಿನಿಂದ. ರಾಮ್ ವಾಯೀರ್ಕರ್ ಚಿತ್ರ ಬರೆದ ‘ಕೃಷ್ಣ’ ಹನ್ನೊಂದನೆಯದಾಗಿ ಬಂತು. ದೇಶದ ಮೂಲೆ ಮೂಲೆ ತಲುಪಿದ ಮಾಲೆಯೊಂದು ಹನ್ನೊಂದರಿಂದ ಎಣಿಸಲು ಶುರುಮಾಡಿದ್ದಕ್ಕೆ ಕಾರಣ ಕನ್ನಡದ ಹತ್ತು ಪುಸ್ತಕ.

ಹಾಗಿದ್ದೂ ಮಾರುಕಟ್ಟೆಯಲ್ಲಿ ಇಂಗ್ಲಿಷ್ ಫ್ಯಾಂಟಮ್‌ಗೆ ಇರುವ ನೂಕುನುಗ್ಗಲು ಕನ್ನಡ ಪ್ರತಿಗಳಿಗಿಲ್ಲ. ನನಗೆ ಇದು ತಲೆಕೆಳಗಿನ ಲೆಕ್ಕವಾಗಿ ಕಾಣುತ್ತದೆ. ಇಂಗ್ಲಿಷ್ ಪ್ರತಿ ಬೇಕೆಂದರೆ ಮುಂಬಯಿ, ಕೋಲ್ಕತ್ತ, ದೆಹಲಿ ಎಲ್ಲ ಕಡೆ ಹುಡುಕಬಹುದು. ಕನ್ನಡದ ಪ್ರತಿ ಉಳಿದಿದ್ದರೆ ಇಲ್ಲೇ ಉಳಿದಿರಬೇಕು. ಉಳಿಯುವುದೂ ಕಷ್ಟ. ಒಂದು ಪ್ರತಿ ಅಣ್ಣನಿಂದ ತಂಗಿಗೆ, ಅವಳಿಂದ ಓಣಿಯ ಮಕ್ಕಳಿಗೆಲ್ಲ ದಾಟಿ ಪಿನ್ನು ಕಿತ್ತು ಹೋಗುವವರೆಗೂ ಓದಿಸಿಕೊಂಡದ್ದು.

ಹಾಗೆ ಕೈದಾಟಿದ ಗುರುತುಗಳನ್ನು ನಮ್ಮ ಬಳಗದ ಕೆಲವರು ಕಲೆ ಎಂದು ಮೂಗು ಮುರಿಯುತ್ತಾರೆ. ನಮ್ಮ ಸೀಮೆಯಲ್ಲಿ ಆ ಮೊಹರು, ವಿಳಾಸಗಳೇ ಇಸವಿ ಹೇಳುತ್ತವೆ. ಬಾಡಿಗೆ ಲೈಬ್ರರಿಯ ರಬ್ಬರ್ ಸ್ಟಾಂಪಿನಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ ಅದು 1973ರ ನವೆಂಬರಿಗೆ ಮುಂಚೆ ಮಾಡಿಸಿದ ಸ್ಟಾಂಪು. ‘ಹರಪನಹಳ್ಳಿ, ಬಳ್ಳಾರಿ ಜಿಲ್ಲೆ’ ಎಂದಿದ್ದರೆ ಬಹುಮಟ್ಟಿಗೆ 1997ರ ಹಿಂದಿನದು. ‘ದಾವಣಗೆರೆ ಜಿಲ್ಲೆ’ ಎಂದರೆ ಅದರ ನಂತರದ ಎರಡು ದಶಕದ್ದು. ‘ವಿಜಯನಗರ ಜಿಲ್ಲೆ’ ಎಂದು ಕಂಡರೆ 2021ರಿಂದ ಈಚೆಗೆ ಯಾರೋ ಹೊಸದಾಗಿ ಒತ್ತಿದ್ದಾರೆ. ಊರು ಕದಲದೆ ಜಿಲ್ಲೆ ಮಾತ್ರ ಬದಲಾದದ್ದು ನಮ್ಮಂಥ ವಿಂಗಡಿಸುವವರಿಗೆ ಉಪಕಾರವೇ ಆಗಿದೆ.

ಹೊರದೇಶದವರು ಇಂಥ ಹಿನ್ನೆಲೆಯ ಬೆಲೆಯನ್ನು ಎಂದೋ ಅರಿತಿದ್ದಾರೆ. ಅಮೆರಿಕದ ಕೊಲರಾಡೊದಲ್ಲಿ ಎಡ್ಗರ್ ಚರ್ಚ್ ಎಂಬ ಜಾಹೀರಾತು ಚಿತ್ರಕಾರ ದಶಕಗಳ ಕಾಲ ಕೂಡಿಟ್ಟ 18 ಸಾವಿರಕ್ಕೂ ಹೆಚ್ಚು ಕಾಮಿಕ್ಸ್‌ಗಳನ್ನು 1977ರಲ್ಲಿ ಚಕ್ ರೊಜಾನ್‌ಸ್ಕಿ ಎಂಬ ವ್ಯಾಪಾರಿ ಕೊಂಡ. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ ಆ್ಯಕ್ಷನ್ ಕಾಮಿಕ್ಸ್‌ನ ಪ್ರಥಮ ಸಂಚಿಕೆಯೂ ಅದರಲ್ಲಿತ್ತು. ಬೆಟ್ಟದ ಸೀಮೆಯ ಒಣ ತಂಪಿನಲ್ಲಿ ಕಾಗದ ಹೊಸದರ ಹಾಗೇ ಉಳಿದಿತ್ತು. ಆ ಸಂಗ್ರಹ ಬಿಡಿಬಿಡಿಯಾಗಿ ಮಾರಿಹೋಗಿದ್ದರೂ ಚರ್ಚ್ ಅವರ ಪ್ರತಿ ಎಂಬ ಒಂದು ಮಾತಿಗೆ ಇಂದಿಗೂ ಬೇರೆಯೇ ಬೆಲೆ. ಮೇಷ್ಟ್ರ ನೋಟ್‌ಬುಕ್ಕನ್ನು ಪುಸ್ತಕಗಳಿಂದ ಬೇರೆ ಮಾಡಬಾರದು ಎಂದು ನಾನು ಹಟ ಹಿಡಿದದ್ದು ಇದಕ್ಕೇ.

ನಮ್ಮ ಬಯಲುಸೀಮೆಯ ಒಣಹವೆಯೂ ಕಾಗದಕ್ಕೆ ಒಂದು ಮಟ್ಟಿಗೆ ಒಳ್ಳೆಯದು, ಮಲೆನಾಡಿನ ಬೂಷ್ಟು ಇಲ್ಲಿಲ್ಲ. ಶತ್ರುಗಳು ಬೇರೆ: ಗೆದ್ದಲು, ಬಿಸಿಲಿಗೆ ಕಾದ ತಗಡಿನ ಟ್ರಂಕು. ಅಗ್ಗದ ಕಾಗದ ತನ್ನೊಳಗಿನ ಆಮ್ಲದಿಂದಲೇ ಹಳದಿಗಟ್ಟುತ್ತದೆ. ಶಾಖ ಅದನ್ನು ಇನ್ನಷ್ಟು ಬೇಗ ಹಪ್ಪಳ ಮಾಡುತ್ತದೆ. ತಂದ ಕೂಡಲೇ ತುಕ್ಕು ಹಿಡಿದ ಪಿನ್ನುಗಳನ್ನು ಮೊಂಡ ಚಾಕುವಿನಿಂದ ಬಿಡಿಸಿ. ನಡುವಿನ ಹಾಳೆ ಇದೆಯೇ ಎಂದು ಪುಟ ಎಣಿಸಿ, ಮೊದಲು ಕಳಚಿಹೋಗುವುದು ಅದೇ. ಸೆಲೊಟೇಪ್ ಮುಟ್ಟಲೇಬೇಡಿ, ವರ್ಷ ಕಳೆದಂತೆ ಅದು ಕಂದು ಬಣ್ಣದ ಗಾಯವಾಗುತ್ತದೆ. ಹುಳುವಿನ ಅನುಮಾನವಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ವಾರ ಕಾಲ ಫ್ರೀಜರಿನಲ್ಲಿಡಿ.

ಬೈಂಡು ಮಾಡಿಸಿದ ಸಂಪುಟಗಳ ಬಗ್ಗೆ ಜಗಳ ಇದ್ದದ್ದೇ. ಬೈಂಡರು ಅಂಚು ಕತ್ತರಿಸಿರುತ್ತಾನೆ, ಕೆಲವೊಮ್ಮೆ ಮುಖಪುಟ ಕಿತ್ತಿರುತ್ತಾನೆ. ಆದ್ದರಿಂದ ಕೊಳ್ಳುವವರು ಅರ್ಧ ಬೆಲೆ ಎನ್ನುತ್ತಾರೆ. ಮೇಷ್ಟ್ರ ಚಂದಮಾಮಗಳು ಉಳಿದದ್ದು ಬೈಂಡಿನಿಂದಲೇ. ಮೈದಾ ಅಂಟಿಗೆ ಮೈಲುತುತ್ತ ಬೆರೆಸಿದ್ದ ಬೈಂಡರಿನ ಪುಣ್ಯ, ಹುಳು ಹತ್ತಿರ ಸುಳಿದಿಲ್ಲ. ಕನ್ನಡ ಚಂದಮಾಮ ಶುರುವಾದದ್ದು 1948ರ ಜುಲೈಯಲ್ಲಿ. ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಮುಖಪುಟಗಳು, 1952ರಲ್ಲಿ ಸೇರಿದ ಶಂಕರ್ ಅವರ ಬೇತಾಳ ಹೊತ್ತ ವಿಕ್ರಮ, ಇವನ್ನು ಬಿಡಿಸಿ ಚೌಕಟ್ಟು ಹಾಕಿ ಮಾರುವವರಿದ್ದಾರೆ. ಅಂಥವರ ಕೈಗೆ ಸಂಪುಟ ಕೊಡುವುದಕ್ಕಿಂತ ರದ್ದಿಗೆ ಹಾಕುವುದೇ ವಾಸಿ ಎನಿಸುತ್ತದೆ.

ಇನ್ನು ಬೆಲೆ. ಒಳ್ಳೆಯದನ್ನಷ್ಟೇ ಆರಿಸಿಕೊಂಡು ಉಳಿದದ್ದನ್ನು ಮನೆಯವರ ತಲೆಗೆ ಕಟ್ಟುವುದು ಈ ದಂಧೆಯ ಹಳೆಯ ಚಾಳಿ. ಹಾಗೆ ಮಾಡಬೇಡಿ. ಕೊಂಡರೆ ಇಡಿಯಾಗಿ ಕೊಳ್ಳಿ, ಮನೆಯವರ ಎದುರೇ ಪಟ್ಟಿ ಓದಿ, ಯಾವುದಕ್ಕೆ ಬೆಲೆ ಹೆಚ್ಚು ಎಂದು ಬಾಯಿಬಿಟ್ಟು ಹೇಳಿ ಕೊಳ್ಳಿ. ಉಚ್ಚಂಗಿದುರ್ಗದ ಮನೆಯವರು ತಂದೆಯ ಹೆಸರು ಬರೆದ ಒಂದು ಪುಸ್ತಕ ಇಟ್ಟುಕೊಂಡು ಮಿಕ್ಕದ್ದು ಕೊಟ್ಟರು. ಜೋಡಿ ಪ್ರತಿಗಳನ್ನು ಮಾತ್ರ ನಾನು ಮುಂದೆ ಮಾರುತ್ತೇನೆ. ಪಟ್ಟಿಯ ಒಂದು ನಕಲು ಹಂಪಿಯ ಕನ್ನಡ ವಿಶ್ವವಿದ್ಯಾಲಯದಂಥ ಕಡೆ ಇರಬೇಕೆಂದು ನನ್ನ ಆಸೆ. ಕನ್ನಡದ ಚಿತ್ರಕಥೆಗಳ ಇತಿಹಾಸ ಬರೆಯಹೊರಟವರು ಎಲ್ಲೋ ಒಂದು ಕಡೆ ಶುರುಮಾಡಬೇಕಲ್ಲ.

ಕೊನೆಗೊಂದು ಬಹಿರಂಗ ವ್ಯಾಪಾರ. 1965ರ ಕನ್ನಡ ಸಿಂಡ್ರೆಲಾನೋ ಅಲ್ಲಾದೀನನೋ ತಂದವರಿಗೆ, ಮೂಲೆ ಹರಿದಿದ್ದರೂ, ಮಕ್ಕಳು ಬಣ್ಣ ಬಳಿದಿದ್ದರೂ, ನನ್ನಲ್ಲಿರುವ ಒಳ್ಳೆಯ ಹತ್ತು ಇಂದ್ರಜಾಲಗಳನ್ನು ಬದಲಿಗೆ ಕೊಡುತ್ತೇನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯವರು ಈ ಯುಗಾದಿಗೆ ಅಟ್ಟ ಗುಡಿಸುವಾಗ ರದ್ದಿಯವನಿಗಿಂತ ಮೊದಲು ನನ್ನನ್ನು ಕರೆಯಿರಿ.