ಓದಲು ಬಂದದ್ದು ಆ ಆರು ಅಂಕಿ ಮಾತ್ರ

ಕಳೆದ ದೀಪಾವಳಿಗೆ ಊರಿಗೆ ಹೋಗಿ ಪುಣೆಗೆ ಮರಳಿದ ಮೇಲೆ ‘ಜಾಮ್‌ತಾರಾ’ ಸರಣಿಯನ್ನು ಎರಡನೇ ಸಲ ನೋಡಿದೆ. ಮೊದಲ ಸಲ ನೋಡಿದ್ದು 2020ರಲ್ಲಿ, ಲಾಕ್‌ಡೌನ್ ಕಾಲದಲ್ಲಿ, ರಾತ್ರಿ ಎರಡು ಗಂಟೆಯವರೆಗೆ ಕೂತು. ಆಗ ಬಹಳ ಇಷ್ಟವಾಗಿತ್ತು. ಆಫೀಸಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ತಪ್ಪದೆ ನೋಡಿ’ ಎಂದು ಬರೆದಿದ್ದೆ ಕೂಡ. ಈ ಸಲ ಮೂರನೇ ಕಂತಿನ ಹೊತ್ತಿಗೆ ಸಿಟ್ಟು ಬರತೊಡಗಿತು. ಸರಣಿ ಅದೇ ಇತ್ತು. ಆದರೆ ಈ ಎರಡು ನೋಟಗಳ ನಡುವೆ ನಮ್ಮ ಮನೆಗೂ ಅಂಥದೊಂದು ಕರೆ ಬಂದು ಹೋಗಿತ್ತು.

ಮನೆಯಲ್ಲಿ ಪೆಟ್ಟು ತಿಂದವನ ಸಿಟ್ಟು ವಿಮರ್ಶೆಯಾಗುವುದಿಲ್ಲ ಎಂಬುದು ಗೊತ್ತು. ಹಾಗಾಗಿ ಅದನ್ನು ಒರೆಗೆ ಹಚ್ಚಲು ಇನ್ನೆರಡು ಸಿನಿಮಾಗಳನ್ನು ಮತ್ತೆ ನೋಡಿದೆ: ಮಲಯಾಳಂನ ‘ವಿಕೃತಿ’ (2019) ಮತ್ತು ಕೆನ್ ಲೋಚ್ ಅವರ ಇಂಗ್ಲಿಷ್ ಚಿತ್ರ ‘ಐ, ಡೇನಿಯಲ್ ಬ್ಲೇಕ್’ (2016). ಮೂರರಲ್ಲೂ ಅಂತರ್ಜಾಲ ಬದುಕಿನೊಳಗೆ ಬಂದು ಕೂತಿದೆ. ಮೂರರಲ್ಲೂ ಯಾರೋ ಒಬ್ಬರು ಅದರಿಂದ ನಷ್ಟ ಅನುಭವಿಸುತ್ತಾರೆ. ನನ್ನ ಪ್ರಶ್ನೆ ಇಷ್ಟೇ: ಆ ನಷ್ಟವಾದವರ ಮುಖವನ್ನು ಕ್ಯಾಮೆರಾ ಎಷ್ಟು ಹೊತ್ತು ನೋಡುತ್ತದೆ?

ಮೊದಲು ‘ಜಾಮ್‌ತಾರಾ’. ಜಾರ್ಖಂಡಿನ ಈ ಪುಟ್ಟ ಜಿಲ್ಲೆಯ ಹುಡುಗರು ಫೋನಿನಲ್ಲಿ ಬ್ಯಾಂಕಿನವರ ಸೋಗು ಹಾಕಿ ದೇಶದ ಮೂಲೆಮೂಲೆಯವರ ದುಡ್ಡು ಎತ್ತುವ ಕಥೆ. ಸೌಮೇಂದ್ರ ಪಾಧಿ ಅವರ ನಿರ್ದೇಶನ. ಸನ್ನಿ, ರಾಕಿ ಎಂಬ ಹುಡುಗರು, ಇಂಗ್ಲಿಷ್ ಕಲಿಸುತ್ತ ಹೊರದೇಶದ ಕನಸು ಕಾಣುವ ಗುಡಿಯಾ, ಇವರೆಲ್ಲರ ಮೇಲೆ ಕಣ್ಣಿಟ್ಟ ರಾಜಕಾರಣಿ ಬ್ರಜೇಶ್ ಭಾನ್. ಅಮಿತ್ ಸಿಯಾಲ್ ಆ ಪಾತ್ರವನ್ನು ಮಾಡಿದ ರೀತಿಗೆ ಈಗಲೂ ತಲೆದೂಗುತ್ತೇನೆ. ಬಡತನ, ಜಾತಿ, ಕೆಲಸವಿಲ್ಲದ ಊರು, ಕೈಗೆ ಬಂದ ಅಗ್ಗದ ಡೇಟಾ: ಇವೆಲ್ಲ ಸೇರಿ ಒಬ್ಬ ಹುಡುಗ ಹೇಗೆ ಮೋಸಗಾರನಾಗುತ್ತಾನೆ ಎಂಬುದನ್ನು ಸರಣಿ ಚೆನ್ನಾಗಿ ಹೇಳುತ್ತದೆ. ಅದು ಸಣ್ಣ ಸಾಧನೆಯಲ್ಲ.

ಆದರೆ ಕರೆ ಎತ್ತಿದವರು? ಅವರು ಬಹುತೇಕ ಒಂದು ಧ್ವನಿ, ಒಂದು ಗಾಬರಿ, ಒಂದು ಮೊತ್ತ. ದುಡ್ಡು ಹೋದ ಮರುಕ್ಷಣ ಅವರು ಕಥೆಯಿಂದಲೂ ಹೋಗುತ್ತಾರೆ. ಕಥೆಯ ಕೇಂದ್ರದಲ್ಲಿ ಅವರಿಗೊಂದು ಮನೆ ಇಲ್ಲ. ಮಾರನೇ ದಿನ ಅವರು ಯಾರಿಗೆ ಹೇಳಿದರು, ಯಾರಿಗೆ ಹೇಳಲಿಲ್ಲ ಎಂಬುದು ಸರಣಿಗೆ ಬೇಕಿಲ್ಲ. ಹೀಗಾಗಿ ನಾವು ನೋಡುವವರು ಯಾವ ಕಡೆ ಕೂರುತ್ತೇವೆ? ಫೋನು ಮಾಡುವವರ ಪಕ್ಕದಲ್ಲಿ, ಮರದ ಕೆಳಗೆ. ಆ ಬದಿಯ ಮನುಷ್ಯ ಓಟಿಪಿ ಹೇಳುತ್ತಾನೋ ಇಲ್ಲವೋ ಎಂಬ ಉಸಿರು ಬಿಗಿಹಿಡಿಯುವ ಗಳಿಗೆಯಲ್ಲಿ, ಒಪ್ಪಿಕೊಳ್ಳಲು ನಾಚಿಕೆಯಾದರೂ, ಹೇಳಲಿ ಎಂದೇ ನಮ್ಮ ಮನಸ್ಸು ಬಯಸಿರುತ್ತದೆ. 2020ರಲ್ಲಿ ನನಗೆ ಸರಣಿ ಇಷ್ಟವಾಗಿದ್ದು ಅದಕ್ಕೇ.

ಇದೇ ಜಾಮ್‌ತಾರಾ ಜಿಲ್ಲೆಯ ಕರ್ಮಾಟಾಡದಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ಬದುಕಿನ ಕೊನೆಯ ಭಾಗದಲ್ಲಿ ಹಲವು ವರ್ಷ ವಾಸವಿದ್ದರು. ಅಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದಿದ್ದರು. ಅಲ್ಲಿನ ರೈಲು ನಿಲ್ದಾಣಕ್ಕೆ ಈಗಲೂ ಅವರ ಹೆಸರೇ ಇದೆ. ಬಂಗಾಳಿ ಮಕ್ಕಳಿಗೆ ಅಕ್ಷರ ಕಲಿಸಿದ ‘ವರ್ಣಪರಿಚಯ’ (1855) ಬರೆದವರ ಊರೇ ದೇಶದ ಓಟಿಪಿ ಕಳ್ಳತನಕ್ಕೆ ಹೆಸರಾಯಿತು. ಇದನ್ನು ವ್ಯಂಗ್ಯ ಎಂದು ಹೇಳಿ ಮುಂದೆ ಹೋಗಬಹುದು. ನನಗೆ ಹಾಗೆ ಹೋಗಲಾಗುತ್ತಿಲ್ಲ. ಏಕೆಂದರೆ ನಮ್ಮ ಮನೆಯ ಪ್ರಕರಣ ಕೂಡ ಕೊನೆಗೆ ಅಕ್ಷರದ್ದೇ.

ಅವ್ವ ಗದಗಿನ ಹತ್ತಿರದ ಊರಿನಲ್ಲಿ ಒಬ್ಬಳೇ ಇದ್ದಾಳೆ. ನಾಲ್ಕನೆಯ ಇಯತ್ತೆವರೆಗೆ ಕಲಿತಿದ್ದಾಳೆ. ದಿನಾ ಪೇಪರ್ ಓದುತ್ತಾಳೆ, ಮೊದಲ ಪುಟದಿಂದ ಶ್ರದ್ಧಾಂಜಲಿಯವರೆಗೆ. ಅವಳಿಗೆ ಬಂದ ಕರೆ ಹಿಂದಿಯದ್ದಾಗಿದ್ದರೆ ಇಟ್ಟುಬಿಡುತ್ತಿದ್ದಳು. ಅದು ನಮ್ಮ ಕಡೆಯ ಕನ್ನಡದ್ದು. ‘ಅಮ್ಮಾರ, ಗ್ಯಾಸಿನ ಕೆವೈಸಿ ಬಾಕಿ ಐತ್ರಿ, ಇವತ್ತ ಮಾಡಿಸಲಿಲ್ಲಂದ್ರ ಸಿಲಿಂಡರ್ ಬಂದ್ ಆಗತೈತ್ರಿ’ ಎಂದಿದ್ದಾನೆ. ಎಟಿಎಂ ಕಾರ್ಡಿನ ಮೇಲಿನ ಅಂಕಿ ಕೇಳಿದ್ದಾನೆ. ಆಮೇಲೆ ಮೊಬೈಲಿಗೆ ಬಂದ ಮೆಸೇಜಿನ ಅಂಕಿ. ಹೋದದ್ದು 38 ಸಾವಿರ.

ಆ ಮೆಸೇಜು ಇನ್ನೂ ಅವಳ ಫೋನಿನಲ್ಲಿತ್ತು. ದೀಪಾವಳಿಗೆ ಹೋದಾಗ ನೋಡಿದೆ. ಪೂರ್ತಿ ಇಂಗ್ಲಿಷಿನಲ್ಲಿದೆ. ಎಷ್ಟು ರೂಪಾಯಿ, ಯಾವ ವ್ಯಾಪಾರಿಗೆ, ಯಾರಿಗೂ ಹೇಳಬೇಡಿ, ಬ್ಯಾಂಕಿನವರು ಇದನ್ನು ಕೇಳುವುದಿಲ್ಲ, ಎಲ್ಲ ಎಚ್ಚರಿಕೆಯೂ ಇದೆ. ಅಷ್ಟರಲ್ಲಿ ಅವ್ವನಿಗೆ ಓದಲು ಬಂದದ್ದು ಆ ಆರು ಅಂಕಿ ಮಾತ್ರ. ಯಾವುದನ್ನು ಹೇಳಬಾರದೋ ಅದೊಂದೇ ಅವಳಿಗೆ ಅರ್ಥವಾಗುವ ಲಿಪಿಯಲ್ಲಿತ್ತು.

ಹನ್ನೆರಡು ದಿನ ಅವಳು ಯಾರಿಗೂ ಹೇಳಿರಲಿಲ್ಲ. 1930ಕ್ಕೆ ಕೂಡಲೇ ಫೋನು ಮಾಡಿದ್ದರೆ ದುಡ್ಡು ಎಲ್ಲಾದರೂ ಮಧ್ಯದ ಖಾತೆಯಲ್ಲಿ ತಡೆಯುವ ಅವಕಾಶ ಇರುತ್ತಿತ್ತು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ ಗ್ರಾಹಕರೇ ಗುಟ್ಟಿನ ಸಂಖ್ಯೆ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದೇ. ಇದೆಲ್ಲ ಗೊತ್ತಿದ್ದ ನಾನು ಗೊತ್ತಿದ್ದವರು ಮಾಡುವ ಕೆಲಸವನ್ನೇ ಮಾಡಿದೆ, ಬೈದೆ. ‘ಓಟಿಪಿ ಯಾರಿಗೂ ಹೇಳಬ್ಯಾಡ ಅಂತ ಎಷ್ಟ ಸಲ ಹೇಳೀನವ್ವಾ?’

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: ‘ನೀನೂ ಕೇಳತಿದ್ದೆಲ್ಲ ತಮ್ಮಾ. ಲೈಟ್ ಬಿಲ್ಲಿಗೆ, ಗ್ಯಾಸಿಗೆ, ಪುಣೇದಿಂದ ಫೋನ್ ಮಾಡಿ ನಂಬರ್ ಹೇಳವ್ವಾ ಅಂತಿದ್ದಿ. ಅಂವಾನೂ ಹಂಗ ಕೇಳಿದಾ.’

ಈ ಮಾತನ್ನು ಇಟ್ಟುಕೊಂಡು ಉಳಿದೆರಡು ಸಿನಿಮಾಗಳ ಕಡೆ ಹೋಗಬೇಕು.

‘ವಿಕೃತಿ’ ನಿಜ ಘಟನೆಯೊಂದರ ಮೇಲೆ ನಿಂತ ಚಿತ್ರ. ಆಸ್ಪತ್ರೆಯಲ್ಲಿ ನಿದ್ದೆಗೆಟ್ಟ, ಮಾತು ಬಾರದ, ಕಿವಿ ಕೇಳದ ಎಲ್ಡೊ ಕೊಚ್ಚಿ ಮೆಟ್ರೊದಲ್ಲಿ ಮಲಗಿಬಿಡುತ್ತಾನೆ. ರಜೆಗೆ ಊರಿಗೆ ಬಂದ ಸಮೀರ್ ಎಂಬವನು ಫೋಟೊ ತೆಗೆದು ಕುಡಿದು ಬಿದ್ದವನೆಂದು ಹಾಕುತ್ತಾನೆ. ಮುಂದಿನದನ್ನು ಊಹಿಸಬಹುದು. ಸುರಾಜ್ ವೆಂಞಾರಮೂಡು ಅವರ ಎಲ್ಡೊ ಈ ಚಿತ್ರದ ಜೀವ. ತನ್ನ ಮೇಲೆ ಬಿದ್ದ ಆರೋಪಕ್ಕೆ ಉತ್ತರಿಸಲು ಅವನಲ್ಲಿರುವ ಭಾಷೆ ಕೈಸನ್ನೆಯದು, ಆರೋಪ ಹರಡುತ್ತಿರುವ ಜಾಗದಲ್ಲಿ ಆ ಭಾಷೆಗೆ ಪ್ರವೇಶವೇ ಇಲ್ಲ. ‘ಜಾಮ್‌ತಾರಾ’ ಮಾಡದ್ದನ್ನು ಈ ಚಿತ್ರ ಮಾಡುತ್ತದೆ: ಪೆಟ್ಟು ತಿಂದವನ ಮನೆಯೊಳಗೆ ಹೋಗುತ್ತದೆ, ಹೆಂಡತಿ ಮಕ್ಕಳ ಮುಖ ನೋಡುತ್ತದೆ, ಅಲ್ಲೇ ಕೂರುತ್ತದೆ.

ನನ್ನ ತಕರಾರು ಕೊನೆಯ ಭಾಗದ್ದು. ಸಿಕ್ಕಿಬೀಳುವ ಭಯದಲ್ಲಿ ಸಮೀರ್ ಬೇಯುವುದನ್ನು ಚಿತ್ರ ಬಹಳ ಹೊತ್ತು ತೋರಿಸಿ, ನಮ್ಮ ಕನಿಕರವನ್ನು ಮೆಲ್ಲಗೆ ಅವನ ಕಡೆ ವಾಲಿಸುತ್ತದೆ. ಕೊನೆಗೆ ಕ್ಷಮೆ ಸಿಗುತ್ತದೆ. ಕ್ಷಮೆ ಎಲ್ಡೊನ ದೊಡ್ಡತನ, ಸರಿ. ಆದರೆ ಆ ಫೋಟೊವನ್ನು ಮುಂದೆ ಕಳಿಸಿದ ಸಾವಿರಾರು ಜನ? ಅವರು ಕ್ಷಮೆ ಕೇಳಲೂ ಇಲ್ಲ, ಕೇಳಬೇಕೆಂದು ಚಿತ್ರಕ್ಕೆ ಅನ್ನಿಸಿಯೂ ಇಲ್ಲ. ಒಬ್ಬ ಸಮೀರನಲ್ಲಿ ಎಲ್ಲರ ತಪ್ಪು ಮುಗಿದುಹೋಗುತ್ತದೆ. ನೋಡುಗ ಹಗುರಾಗಿ ಎದ್ದು ಹೋಗುತ್ತಾನೆ.

‘ಐ, ಡೇನಿಯಲ್ ಬ್ಲೇಕ್’ ಯಾರನ್ನೂ ಹಗುರಾಗಿ ಕಳಿಸುವುದಿಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಬಡಗಿ, 59 ವರ್ಷ, ಹೃದಯಾಘಾತವಾಗಿದೆ. ಕೆಲಸ ಮಾಡಬೇಡ ಎನ್ನುತ್ತಾರೆ ವೈದ್ಯರು. ಕೆಲಸ ಮಾಡಬಲ್ಲೆ ಎನ್ನುತ್ತದೆ ಸರಕಾರ. ಭತ್ಯೆಯ ಅರ್ಜಿ ಆನ್‌ಲೈನಿನಲ್ಲೇ ತುಂಬಬೇಕು. ಅವನು ಕಂಪ್ಯೂಟರ್ ಮುಟ್ಟಿದವನೇ ಅಲ್ಲ. ಮೌಸನ್ನು ಪರದೆಯ ಮೇಲೆ ಓಡಿಸು ಎಂದರೆ ಅದನ್ನು ಎತ್ತಿ ಪರದೆಗೇ ಹಿಡಿಯುತ್ತಾನೆ. ಥಿಯೇಟರಿನಲ್ಲಿ ಇಲ್ಲಿ ನಗು ಬರುತ್ತದೆ. ಆ ಮನುಷ್ಯನ ಕೈ ಮರದಲ್ಲಿ ಮೀನು ಕೆತ್ತುವುದನ್ನೂ ಅದೇ ಚಿತ್ರ ತೋರಿಸುತ್ತದೆ, ನಮ್ಮ ನಗು ನಮಗೇ ಚುಚ್ಚುತ್ತದೆ. 2016ರಲ್ಲಿ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಬಂದ ಚಿತ್ರವಿದು. ಅಧಿಕಾರಿಗಳನ್ನು ತೀರಾ ಕಲ್ಲಾಗಿಸಿದ್ದಾರೆ ಎಂಬ ದೂರಿನಲ್ಲಿ ಸ್ವಲ್ಪ ಹುರುಳಿದೆ. ಆದರೆ ಅವರ ನಡುವೆ ಆ್ಯನ್ ಎಂಬ ಒಬ್ಬಳಿದ್ದಾಳೆ. ಡೇನಿಯಲ್‌ಗೆ ಫಾರಂ ತುಂಬಲು ಪಕ್ಕಕ್ಕೆ ಬಂದು ಕೂರುತ್ತಾಳೆ, ಮೇಲಿನವರಿಂದ ಬೈಸಿಕೊಳ್ಳುತ್ತಾಳೆ. ಕೊನೆಗೆ ಫಾರಂ ತುಂಬಿಕೊಡುವವನು ಪಕ್ಕದ ಮನೆಯ ಹುಡುಗ.

ಇಲ್ಲಿ ಅವ್ವನ ಮಾತು ನೆನಪಾಯಿತು. ಪರದೆ ಓದಲಾರದವನಿಗೆ ಪಕ್ಕದಲ್ಲೊಬ್ಬ ಬೇಕು. ಮಗ, ಪಕ್ಕದ ಮನೆಯವ, ಸೈಬರ್ ಸೆಂಟರಿನ ಹುಡುಗ, ಗ್ರಾಮ ಒನ್ ಕೌಂಟರಿನವ. 2023ರಲ್ಲಿ ಗೃಹಲಕ್ಷ್ಮಿ ಅರ್ಜಿಗೆ ಸರ್ವರ್ ಬರಲೆಂದು ಸಾಲಿನಲ್ಲಿ ಕಾದ ಹೆಂಗಸರೆಲ್ಲ ತಮ್ಮ ಆಧಾರ್ ಓಟಿಪಿಯನ್ನು ಆಚೆ ಬದಿಯವನಿಗೆ ಹೇಳಿಯೇ ಅರ್ಜಿ ಹಾಕಿದ್ದು. ಬೇರೆ ದಾರಿ ಇರಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21) ಒಮ್ಮೆಯಾದರೂ ಅಂತರ್ಜಾಲ ಬಳಸಿದ್ದೇವೆ ಎಂದ ಹೆಂಗಸರು ನೂರಕ್ಕೆ 33, ಗಂಡಸರು 57. ಉಳಿದವರ ಬದುಕಿಗೂ ಅಂತರ್ಜಾಲ ಬಂದಿದೆ, ಇನ್ನೊಬ್ಬರ ಕೈ ಮೂಲಕ. ನಮ್ಮ ಸಭೆಗಳಲ್ಲಿ ‘ಅಪಾಯ’ ಒಂದು ಗೋಷ್ಠಿ, ‘ಎಲ್ಲರಿಗೂ ಪ್ರವೇಶ’ ಇನ್ನೊಂದು ಗೋಷ್ಠಿ. ಅವ್ವನ ಲೆಕ್ಕದಲ್ಲಿ ಎರಡೂ ಒಂದೇ. ಓದಲಾಗದ್ದಕ್ಕೆ ಯಾರನ್ನೋ ನಂಬಬೇಕು, ನಂಬುವ ಅಭ್ಯಾಸವನ್ನೇ ಕಳ್ಳ ಬಳಸಿಕೊಂಡ. ‘ಯಾರಿಗೂ ಹೇಳಬೇಡಿ’ ಎಂಬ ಸಾಲು ಸ್ವತಃ ಓದಬಲ್ಲವರಿಗಾಗಿ ಬರೆದದ್ದು.

ಈ ಸಾಲಿನ ಬಗ್ಗೆ ನನಗೆ ಸ್ವಲ್ಪ ಹೆಚ್ಚು ಗೊತ್ತು. ಕೆಲವು ವರ್ಷಗಳ ಹಿಂದೆ ಹಣ ಪಾವತಿಯ ಒಂದು ಪ್ರಾಜೆಕ್ಟಿಗೆ ನಾನೇ ಮ್ಯಾನೇಜರ್. ಗ್ರಾಹಕರಿಗೆ ಹೋಗುವ ಮೆಸೇಜುಗಳು ಅವರವರ ಭಾಷೆಯಲ್ಲಿರಬೇಕೆಂದು ಬೇಡಿಕೆಗಳ ಪಟ್ಟಿಯಲ್ಲಿ ಒಂದು ಸಾಲಿತ್ತು. ಲೆಕ್ಕ ಹಾಕಿದೆವು. ಇಂಗ್ಲಿಷಿನಲ್ಲಾದರೆ ಒಂದು ಎಸ್ಎಂಎಸ್‌ಗೆ 160 ಅಕ್ಷರ. ಕನ್ನಡವಾದರೆ ಯೂನಿಕೋಡ್, ಆಗ 70 ಮಾತ್ರ. ಅದರಲ್ಲೂ ನಮ್ಮ ಒತ್ತು, ಗುಣಿತಗಳೆಲ್ಲ ಬೇರೆ ಬೇರೆ ಎಣಿಕೆ. ‘ಸ್ತ್ರೀ’ ಎಂಬ ಒಂದು ಅಕ್ಷರ ಕಂಪ್ಯೂಟರಿಗೆ ಆರು. ಇಂಗ್ಲಿಷಿನ ಒಂದು ಮೆಸೇಜು ಕನ್ನಡದಲ್ಲಿ ಎರಡು, ಮೂರು ಆಗುತ್ತದೆ, ಖರ್ಚೂ ಅಷ್ಟೇ ಪಟ್ಟು. ಎಕ್ಸೆಲ್ ಹಾಳೆಯಲ್ಲಿ ಆ ಸಾಲನ್ನು ‘ಎರಡನೇ ಹಂತ’ಕ್ಕೆ ತಳ್ಳಿದವನು ನಾನೇ. ಯಾರೂ ಒತ್ತಾಯಿಸಿರಲಿಲ್ಲ. ಎರಡನೇ ಹಂತ ಬರಲೇ ಇಲ್ಲ. ಆ ಸಂಜೆ ಪ್ರಾಜೆಕ್ಟು ಸಮಯಕ್ಕೆ ಮುಗಿಯಿತೆಂದು ಟೀಮಿಗೆ ಪಾರ್ಟಿ ಕೊಟ್ಟೆ.

ಅವ್ವನಿಗೆ ಬಂದ ಮೆಸೇಜು ನಮ್ಮ ಪ್ರಾಜೆಕ್ಟಿನದ್ದಲ್ಲ. ಆದರೆ ಅಂಥದೇ ಇನ್ನೊಂದು ಹಾಳೆಯಲ್ಲಿ ನನ್ನಂಥ ಇನ್ನೊಬ್ಬ ಅದೇ ಸಾಲನ್ನು ತಳ್ಳಿರುತ್ತಾನೆ. ಓಟಿಪಿ ವ್ಯವಸ್ಥೆಯನ್ನು ನಾನು ಹಳಿಯುತ್ತಿಲ್ಲ. ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೇ ದೃಢೀಕರಣವನ್ನು 2009ರಲ್ಲೇ ಕಡ್ಡಾಯ ಮಾಡಿದ್ದು ಒಳ್ಳೆಯ ಕೆಲಸ. ಬೀಗ ಗಟ್ಟಿಯಾಗಿದೆ. ಬೀಗದ ಮೇಲಿನ ಸೂಚನೆ ಮನೆಯವರಿಗೆ ತಿಳಿಯುವ ಭಾಷೆಯಲ್ಲಿಲ್ಲ, ಅಷ್ಟೇ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಕೆವೈಸಿಗಾಗಿ ಕಣ್ಣು ಮಿಟುಕಿಸಲಾಗದ ಆ್ಯಸಿಡ್ ದಾಳಿ ಸಂತ್ರಸ್ತರು ಮತ್ತು ದೃಷ್ಟಿಯಿಲ್ಲದವರು ತಂದ ಪ್ರಕರಣಗಳಲ್ಲಿ, ಡಿಜಿಟಲ್ ಸೇವೆಗಳ ಪ್ರವೇಶ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಭಾಷೆಯನ್ನೂ ಆ ಹಕ್ಕಿನೊಳಗೆ ಓದಿಕೊಳ್ಳುವ ದಿನ ಬರಬೇಕು.

ಇನ್ನು ನಮ್ಮ ಕನ್ನಡ ಬರವಣಿಗೆಯ ಮಾತು. ನಾನು ಓದಿದ ಮಟ್ಟಿಗೆ, ಐಟಿ ಎಂದೊಡನೆ ನಮ್ಮ ಕಥೆಗಳು ಇಂಜಿನಿಯರನ ಒಂಟಿತನ, ಫ್ಲ್ಯಾಟಿನ ಕಂತು, ಅಮೆರಿಕದ ರಾತ್ರಿ ಕರೆಗಳ ಕಡೆ ಹೋಗುತ್ತವೆ. ನಾನೂ ಅಂಥ ಎರಡು ಕಥೆ ಬರೆದು ಬದಿಗಿಟ್ಟವನೇ. ಅವು ಸುಳ್ಳಲ್ಲ. ಆದರೆ ಅವೂ ‘ಜಾಮ್‌ತಾರಾ’ದ ಹಾಗೆ ಫೋನಿನ ಈ ಬದಿಯ ಕಥೆಗಳು. ಊರಲ್ಲಿ ಹನ್ನೆರಡು ದಿನ ಸುಮ್ಮನಿದ್ದವಳು ಆ ದಿನಗಳಲ್ಲಿ ಏನು ಮಾಡಿದಳು? ಮಗ ಫೋನು ಮಾಡಿದಾಗಲೆಲ್ಲ ‘ಆರಾಮ ಅದೀನಿ’ ಎಂದಳಲ್ಲ, ಹೇಗೆ ಎಂದಳು? ಮುಂಬಯಿ, ಪುಣೆ, ಹೈದರಾಬಾದಿನಲ್ಲಿ ಕೂತು ಅಪ್ಪ ಅವ್ವಂದಿರ ಬದುಕನ್ನು ಫೋನಿನಲ್ಲೇ ನಡೆಸುತ್ತಿರುವ ನಮ್ಮಂಥವರಿಗೆ ಇದನ್ನು ಬರೆಯುವ ಹಕ್ಕಿಗಿಂತ ಹೆಚ್ಚಾಗಿ ಸಾಲವಿದೆ.

‘ಜಾಮ್‌ತಾರಾ’ವನ್ನು ಈಗಲೂ ನೋಡಿ ಎನ್ನುತ್ತೇನೆ. ‘ವಿಕೃತಿ’ಯನ್ನು ಸುರಾಜ್‌ಗಾಗಿ ನೋಡಿ. ‘ಡೇನಿಯಲ್ ಬ್ಲೇಕ್’ ಅನ್ನು ಮಾತ್ರ ನಮ್ಮ ಕಸುಬಿನವರು ಹೊಸ ಪ್ರಾಜೆಕ್ಟು ಶುರು ಮಾಡುವ ಮುನ್ನ ಒಮ್ಮೆ ನೋಡಲಿ.

ದುಡ್ಡು ಸಿಗಲಿಲ್ಲ. ಅವ್ವ ಈಗ ಲೈಟ್ ಬಿಲ್ಲನ್ನು ತಾನೇ ಕೌಂಟರಿಗೆ ಹೋಗಿ ಕಟ್ಟುತ್ತಾಳೆ. ನಾನು ಓಟಿಪಿ ಕೇಳುವುದನ್ನು ಬಿಟ್ಟಿದ್ದೇನೆ. ಹೋದ ವಾರ ಅವಳೇ ಕೇಳಿದಳು, ‘ಆ ಇಂಗ್ಲೀಷ್ ಮೆಸೇಜಿನ್ಯಾಗ ಏನ ಬರದಿತ್ತು, ಪೂರ್ತಿ ಓದಿ ಹೇಳ ತಮ್ಮಾ.’ ಓದಿ ಹೇಳಿದೆ. ‘ಇದನ್ನ ಮೊದ್ಲ ಹೇಳಬೇಕಿಲ್ಲೋ’ ಎಂದಳು.