ಜಪಾನೀ ಗೀತಗಳೂ ಪರದೇಶದ ಕಿವಿಯೂ

ಕಳೆದ ವರ್ಷ ಇದೇ ಪತ್ರಿಕೆಯಲ್ಲಿ ಜಪಾನ್ ದೇಶದ ಜನಪ್ರಿಯ ಗೀತಗಳನ್ನು ಕುರಿತು ನಾನು ಬರೆದ ನಾಲ್ಕು ಪುಟಗಳನ್ನು ಕೆಲವರು ವಾಚಕರು ಮೆಚ್ಚಿ ಕಾಗದ ಬರೆದಿದ್ದರು. ಆ ಲೇಖನದಲ್ಲಿ ಒಂದು ದೊಡ್ಡ ತಪ್ಪಿದ್ದಿತು. ಅದು ಅಚ್ಚಿನ ತಪ್ಪಲ್ಲ, ಕಿವಿಯ ತಪ್ಪು. ನಾದಕ್ಕೆ ಭಾಷೆಯ ಹಂಗಿಲ್ಲವೆಂದೂ, ಸಂಸ್ಕಾರವುಳ್ಳ ಕಿವಿಗೆ ಯಾವ ದೇಶದ ಹಾಡಾದರೂ ತನ್ನ ರಸವನ್ನು ತಾನೇ ಒಪ್ಪಿಸುವುದೆಂದೂ ನಾನು ಅಲ್ಲಿ ಧೈರ್ಯವಾಗಿ ಹೇಳಿದ್ದೆನು. ಮೂವತ್ತೈದು ವರ್ಷಕಾಲ ಮಕ್ಕಳ ತಪ್ಪುಗಳಿಗೆ ಕೆಂಪು ಶಾಯಿ ಬಳಿದವನು ತನ್ನ ತಪ್ಪನ್ನು ಮಾತ್ರ ಮುಚ್ಚಿಡುವುದು ನ್ಯಾಯವಲ್ಲ.

ನನ್ನ ಕಿರಿಯ ಮಗಳು ಉದ್ಯೋಗನಿಮಿತ್ತ ಯೋಕೊಹಾಮದಲ್ಲಿರುವಳು. ಅವಳು ಮೊಬೈಲಿಗೆ ಕಳುಹಿಸುವ ಹಾಡುಗಳೇ ನನ್ನ ಪಠ್ಯ. ಮೊದಮೊದಲು ನನ್ನನ್ನು ಸೆಳೆದುದು ರಾಗವಲ್ಲ, ಮಾತ್ರೆ. ಜಪಾನೀಯರ ಪದ್ಯಗಳಲ್ಲಿ ಐದು, ಏಳು ಎಂದು ಎಣಿಸುವುದು ಮಾತ್ರೆಗಳನ್ನು. ದೀರ್ಘಕ್ಕೆ ಎರಡು, ಪದಾಂತ್ಯದ ಅನುನಾಸಿಕಕ್ಕೆ ಒಂದು, ಒತ್ತಿದ ವ್ಯಂಜನಕ್ಕೆ ಒಂದು. ತೋಕ್ಯೋ ಎಂದರೆ ಅವರಿಗೆ ನಾಲ್ಕು ಮಾತ್ರೆ. ನಿಪ್ಪೊನ್ ಎಂದರೂ ನಾಲ್ಕು. ನಮ್ಮ ಲಘುಗುರುಗಳ ಲೆಕ್ಕ ಹಾಕಿದರೂ ಇವು ನಾಲ್ಕೇ ಆಗುವುವು. ಹಳೆಯ ಹಾಡುಗಳಲ್ಲಿ ಬಹುಮಟ್ಟಿಗೆ ಮಾತ್ರೆಗೊಂದು ಸ್ವರವಿರುವುದರಿಂದ, ಅರ್ಥವೇನೂ ತಿಳಿಯದಿದ್ದರೂ ಷಟ್ಪದಿಯನ್ನು ಎಣಿಸಿ ಪಳಗಿದ ಬೆರಳುಗಳು ತಾವಾಗಿಯೇ ಆಡತೊಡಗುವುವು.

ಆಮೇಲೆ ರಾಗ. ಅವರ ಅಸಂಖ್ಯಾತ ಗೀತಗಳು ‘ಯೊನನುಕಿ’ ಎಂಬ ಸ್ವರಶ್ರೇಣಿಯಲ್ಲಿರುವುವು. ನಾಲ್ಕನೆಯದೂ ಏಳನೆಯದೂ ಇಲ್ಲದ್ದು ಎಂಬುದು ಆ ಹೆಸರಿನ ಅರ್ಥ. ಮಧ್ಯಮ ನಿಷಾದಗಳನ್ನು ಬಿಟ್ಟರೆ ಉಳಿಯುವುದು ನಮ್ಮ ಮೋಹನವಷ್ಟೆ. ಇದು ಅಲ್ಲಿ ನೆಲೆಯೂರಿದುದು ಬಹುಮಟ್ಟಿಗೆ ಪಾಠಶಾಲೆಗಳ ಮೂಲಕ. ಇಸಾವ ಶೂಜಿ ಎಂಬ ವಿದ್ಯಾಧಿಕಾರಿಯು ಅಮೆರಿಕದಲ್ಲಿ ಶಿಕ್ಷಣ ಪಡೆದು ಬಂದು, ಮೇಸನ್ ಎಂಬ ಅಮೆರಿಕನ್ ಉಪಾಧ್ಯಾಯನನ್ನು ಕರೆಸಿಕೊಂಡು, 1881ರಿಂದ ಪ್ರಾಥಮಿಕ ಶಾಲೆಗಳಿಗೆ ಹಾಡಿನ ಪುಸ್ತಕಗಳನ್ನು ಹೊರಡಿಸಿದನು. ಅದರಲ್ಲಿ ಸ್ಕಾಟ್ಲೆಂಡಿನ ಮಟ್ಟುಗಳೂ ಇದ್ದುವು. ಅವುಗಳಲ್ಲಿಯೂ ಐದೇ ಸ್ವರಗಳಿದ್ದುದರಿಂದ ಜಪಾನೀಯರ ಬಾಯಿಗೆ ಅವು ಸಲೀಸಾಗಿ ಒಗ್ಗಿದುವು. 1914ರಲ್ಲಿ ಟಾಲ್‌ಸ್ಟಾಯಿಯ ಕಾದಂಬರಿಯಿಂದ ಮಾಡಿದ ನಾಟಕವೊಂದಕ್ಕೆ ನಕಯಾಮ ಶಿಂಪೆಯಿ ಮಟ್ಟು ಹಾಕಿ, ಮತ್ಸುಯಿ ಸುಮಾಕೊ ಎಂಬ ನಟಿ ಹಾಡಿದ ‘ಕತ್ಯೂಶಾಳ ಹಾಡು’ ದೇಶದಲ್ಲೆಲ್ಲ ಹಬ್ಬಿದಾಗ, ಕೇಳುವವರ ಕಿವಿಯನ್ನು ಉಪಾಧ್ಯಾಯರು ಆಗಲೇ ಹದಮಾಡಿಟ್ಟಿದ್ದರು. ನಮ್ಮ ಕಸುಬಿನವರಿಗೆ ಇದಕ್ಕಿಂತ ದೊಡ್ಡ ಕೀರ್ತಿ ಬೇರೆಲ್ಲಿಯೂ ದೊರೆತಿರಲಾರದು.

ಹೀಗೆ ಮಾತ್ರೆಯೂ ಪರಿಚಿತ, ಮೋಹನವೂ ಪರಿಚಿತ. ಮನೆಗೆ ಬಂದ ಅತಿಥಿಯು ನಮ್ಮ ಊರಿನವನೇ ಎಂದು ನಾನು ನಂಬಿಬಿಟ್ಟೆನು.

ಸಕಾಮೊತೊ ಕ್ಯೂ 1961ರಲ್ಲಿ ಹಾಡಿದ ‘ಉಯೆ ಒ ಮುಯಿತೆ ಅರುಕೋ’ ಎಂಬುದನ್ನು ನೋಡಿರಿ. ಮಟ್ಟು ನಕಮುರ ಹಚಿದಾಯಿಯದು. ನಡಿಗೆಯ ಲಯ, ಮೊದಲ ಸಾಲುಗಳಲ್ಲಿ ಮೋಹನದ ಬೆಳಕು, ಕೊನೆಗೆ ಹಾಡುಗಾರನು ಮಾತು ಬಿಟ್ಟು ಸಿಳ್ಳು ಹಾಕುವನು. ಯಾರೋ ತರುಣನು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮನೆಗೆ ಹೋಗುತ್ತಿರುವನೆಂದು ನನ್ನ ಊಹೆಯಾಗಿದ್ದಿತು. ಅಮೆರಿಕದವರ ಊಹೆಯೂ ಇದಕ್ಕಿಂತ ಬಹಳ ಮೇಲಾಗಿದ್ದಿತೆಂದು ತೋರುವುದಿಲ್ಲ. 1963ರ ಜೂನ್ ತಿಂಗಳಲ್ಲಿ ಮೂರು ವಾರ ಅಲ್ಲಿಯ ಹಾಡುಗಳ ಪಟ್ಟಿಯಲ್ಲಿ ಅದು ಮೊದಲನೆಯ ಸ್ಥಾನದಲ್ಲಿದ್ದಿತು. ಆದರೆ ‘ಸುಕಿಯಾಕಿ’ ಎಂಬ ಹೆಸರಿನಲ್ಲಿ. ಸುಕಿಯಾಕಿ ಎಂದರೆ ಗೋಮಾಂಸದ ಒಂದು ಅಡಿಗೆ. ಹಾಡಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ನಿಜವಾದ ಹೆಸರನ್ನು ಉಚ್ಚರಿಸುವುದು ಕಷ್ಟವೆಂದು ಇಂಗ್ಲೆಂಡಿನ ಧ್ವನಿಮುದ್ರಣದವರು ಮೊದಲು ಹೀಗೆ ಹೆಸರಿಟ್ಟರು. ನಮ್ಮ ದಾಸರ ಪದವೊಂದನ್ನು ಪರದೇಶದವರು ‘ಬಿಸಿಬೇಳೆಭಾತು’ ಎಂದು ಕರೆದು ತಲೆದೂಗಿದರೆ ನಮಗೆ ಹೇಗಾದೀತು!

ಹೆಸರಿನ ನಿಜವಾದ ಅರ್ಥ ‘ಮೇಲೆ ನೋಡುತ್ತ ನಡೆಯೋಣ’ ಎಂದು. ಮೇಲೆ ನೋಡುವುದೇಕೆ? ಕಣ್ಣೀರು ಕೆಳಗೆ ಬೀಳದಿರಲೆಂದು. 1960ರಲ್ಲಿ ಅಮೆರಿಕದೊಡನೆ ಆದ ರಕ್ಷಣಾ ಒಪ್ಪಂದವನ್ನು ವಿರೋಧಿಸಿ ನಡೆದ ಚಳವಳಿಯು ಸೋತಾಗ ಎಯಿ ರೊಕುಸುಕೆ ಎಂಬ ಕವಿಗಾದ ನಿರಾಶೆಯೇ ಇದರ ಬೀಜವೆಂದು ಹೇಳುವರು. ಹಾಡಿನಲ್ಲಿ ಮಾತ್ರ ರಾಜಕೀಯದ ಸುಳಿವಿಲ್ಲ, ಒಬ್ಬಂಟಿಯ ರಾತ್ರಿ ಮಾತ್ರವಿರುವುದು. ಭರತನು ಹೇಳಿದ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ‘ಅವಹಿತ್ಥ’ವೆಂಬುದೊಂದಿರುವುದಷ್ಟೆ, ಒಳಗಿನ ಭಾವವನ್ನು ಹೊರಗೆ ಕಾಣದಂತೆ ಮರೆಮಾಡುವುದು. ತರಗತಿಯಲ್ಲಿ ಅದಕ್ಕೆ ಉದಾಹರಣೆ ಹೇಳಲು ಪ್ರತಿವರ್ಷವೂ ಕುಮಾರಸಂಭವದ ಪಾರ್ವತಿಯನ್ನೇ ಕರೆತರುತ್ತಿದ್ದೆನು. ಇಲ್ಲಿ ಒಂದು ಹಾಡು ಆಮೂಲಾಗ್ರವಾಗಿ ಅವಹಿತ್ಥವೇ ಆಗಿರುವುದು. ಮೋಹನವೂ ಸಿಳ್ಳೂ ಮರೆಮಾಚುವ ಸಾಧನಗಳು. ನಡುವಣ ಖಂಡದಲ್ಲಿ ಸುಖವನ್ನು ಕುರಿತ ಮಾತು ಎರಡನೆಯ ಸಲ ಬರುವಾಗ ಜೊತೆಯ ಸ್ವರಮೇಳವು ಒಂದು ಕ್ಷಣ ಮಬ್ಬಾಗಿ ಮತ್ತೆ ಸರಿಯಾಗುವುದು. ಮುಖವನ್ನು ಎತ್ತಿ ಹಿಡಿದವನ ಗಂಟಲು ಕಟ್ಟಿದಂತೆ. ನನ್ನ ಕಿವಿಗೆ ಆ ಮಬ್ಬು ಮೊದಲೇ ಕೇಳಿಸಿದ್ದಿತು. ನಾನು ಅದನ್ನು ಅಲಂಕಾರವೆಂದೆಣಿಸಿ ಮುಂದೆ ಹೋಗಿದ್ದೆನು. ಪರದೇಶದ ಕಿವಿಗೆ ದೊರೆಯುವುದು ಮರೆ. ಮರೆಯ ಹಿಂದಿನದು ಭಾಷೆಯ ವಶದಲ್ಲಿರುವುದು.

ಸಕಾಮೊತೊ ಹಾಡಿದ ರೀತಿ ಕವಿಗೆ ಮೊದಲು ಹಿಡಿಸಲಿಲ್ಲವಂತೆ. ಅವನು ಸ್ವರಾಕ್ಷರಗಳನ್ನು ತುಂಡರಿಸಿ, ಉಸಿರು ಬೆರಸಿ, ಮಾತ್ರೆಗಳನ್ನು ಕೆದರಿ ಹಾಡುವನು. ಛಂದಸ್ಸಿನವನಾದ ನನಗೆ ಕವಿಯ ಸಿಟ್ಟು ಅರ್ಥವಾಗುವುದು. ಆದರೂ ಈ ಒಂದು ಕಡೆ ಹಾಡುಗಾರನೇ ಗೆದ್ದಿರುವನೆಂದು ಒಪ್ಪಲೇಬೇಕು. ಅಳುವನ್ನು ನುಂಗುವವನ ಮಾತು ಮಾತ್ರಾಶುದ್ಧವಾಗಿ ಬರುವುದೆಲ್ಲಿ? 1985ರ ಆಗಸ್ಟ್ 12ರಂದು ವಿಮಾನಾಪಘಾತದಲ್ಲಿ ಅವನು ತೀರಿಕೊಂಡನು.

ಈ ತಪ್ಪನ್ನು ನಗುತ್ತ ಹೇಳಿಕೊಳ್ಳಬಹುದು. ಎರಡನೆಯದನ್ನು ಹಾಗೆ ಹೇಳಲಾರೆನು.

ಜಪಾನಿನ ದಕ್ಷಿಣ ತುದಿಯಲ್ಲಿರುವ ಓಕಿನಾವ ದ್ವೀಪಗಳು ಹಿಂದೆ ರ್‍ಯೂಕ್ಯೂ ಎಂಬ ಪ್ರತ್ಯೇಕ ರಾಜ್ಯವಾಗಿದ್ದುವು. ಅಲ್ಲಿಯ ಹಾಡುಗಳ ಸ್ವರಶ್ರೇಣಿ ಬೇರೆ: ಷಡ್ಜ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕಾಕಲಿ ನಿಷಾದ. ಇದು ಯಥಾವತ್ತಾಗಿ ನಮ್ಮ ಗಂಭೀರನಾಟ. ದೇವರ ಉತ್ಸವಮೂರ್ತಿ ಹೊರಡುವಾಗ ನಾಗಸ್ವರದವರು ಮಲ್ಲಾರಿ ನುಡಿಸುವುದು ಇದರಲ್ಲಿಯೇ. ‘ದಿ ಬೂಮ್’ ಎಂಬ ಮೇಳದವರು 1992ರಲ್ಲಿ ಹೊರತಂದ ‘ಶಿಮಾ ಉತಾ’, ಎಂದರೆ ದ್ವೀಪದ ಹಾಡು, ಹಾವಿನ ಚರ್ಮ ಹೊದಿಸಿದ ಮೂರು ತಂತಿಯ ಸಾನ್‌ಶಿನ್ ವಾದ್ಯದೊಡನೆ ಮೊದಲಾಗುವಾಗ ನನ್ನ ಕಣ್ಣ ಮುಂದೆ ತೇರೇ ಬಂದು ನಿಂತಿತು. ಹಾಡಿನಲ್ಲಿ ‘ದೆಯಿಗೊ’ ಎಂಬ ಹೂವಿನ ಹೆಸರು ಬರುವುದು. ವಿಚಾರಿಸಲಾಗಿ ಅದು ನಮ್ಮ ಕಾಫಿಯ ತೋಟಗಳಲ್ಲಿ ನೆರಳಿಗೆ ಬೆಳೆಸುವ ಹಾಲುವಾಣದ ಜಾತಿ, ಸಂಸ್ಕೃತದ ಪಾರಿಭದ್ರ, ಎಂದು ತಿಳಿಯಿತು. ಮಂದಾರವೆಂದೂ ಅದಕ್ಕೆ ಹೆಸರುಂಟು; ದೇವಲೋಕದ ಮರದ ಹೆಸರು! ಇನ್ನೇನು ಬೇಕು? ಗಂಭೀರನಾಟ, ಮಂದಾರ, ತೇರು. ನಾನು ಅದನ್ನು ‘ಉತ್ಸವಗೀತ’ವೆಂದು ಬರೆದೆನು. ಅಷ್ಟೇ ಅಲ್ಲ, ನಡುವೆ ಒಂದು ಖಂಡದಲ್ಲಿ ಅನ್ಯಸ್ವರಗಳು ಬರುವುವೆಂದೂ, ತರುಣ ವಾಗ್ಗೇಯಕಾರನಿಗೆ ರಾಗದ ಮೇಲೆ ಹಿಡಿತ ಸಾಲದೆಂದೂ ಬುದ್ಧಿವಾದ ಹೇಳಿದೆನು.

ದೀಪಾವಳಿಗೆ ಬಂದ ಮಗಳು ಅದನ್ನು ಓದಿ, “ಅಪ್ಪಾ, ಇದು ಹಬ್ಬದ ಹಾಡಲ್ಲ” ಎಂದಳು.

ವಾಗ್ಗೇಯಕಾರನಾದ ಮಿಯಜಾವ ಕಜುಫುಮಿ ಓಕಿನಾವದವನಲ್ಲ; ನಡುನಾಡಿನ ಯಮನಾಶಿಯವನು, ನಮ್ಮಂತೆ ಹೊರಗಿನವನು. ಓಕಿನಾವದ ಹಿಮೆಯೂರಿ ಶಾಂತಿ ವಸ್ತುಸಂಗ್ರಹಾಲಯವನ್ನು ನೋಡಿ ಬಂದ ಮೇಲೆ ಅವನು ಈ ಹಾಡನ್ನು ಕಟ್ಟಿದನು. 1945ರ ಓಕಿನಾವ ಯುದ್ಧದಲ್ಲಿ ಎರಡು ಬಾಲಿಕಾ ವಿದ್ಯಾಲಯಗಳ 222 ವಿದ್ಯಾರ್ಥಿನಿಯರನ್ನೂ 18 ಮಂದಿ ಉಪಾಧ್ಯಾಯರನ್ನೂ ಸೇನೆಯ ಆಸ್ಪತ್ರೆಯ ಕೆಲಸಕ್ಕೆ, ಗುಹೆಗಳೊಳಕ್ಕೆ, ಕರೆದೊಯ್ದಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಹಿಂದಿರುಗಲಿಲ್ಲ. ಹಾಡಿನ ಮೇಲ್ಮೈಯಲ್ಲಿ ಪ್ರೇಮಿಗಳ ಅಗಲಿಕೆ ಇರುವುದು. ಕೆಳಗಿರುವುದು ಈ ಸಾವು. ದೆಯಿಗೊ ಮೈದುಂಬಿ ಅರಳಿದ ವರ್ಷ ಬಿರುಗಾಳಿಯೂ ವಿಪತ್ತೂ ಬರುವುವೆಂದು ಅಲ್ಲಿಯವರ ನಂಬುಗೆ. ಎಂದಮೇಲೆ ಹಾಡಿನ ಹೂವು ಮಂದಾರವಲ್ಲ, ಅಪಶಕುನ. ನಾನು ರಾಗಭಂಗವೆಂದ ಖಂಡವು ಯುದ್ಧದಲ್ಲಿ ಅಗಲಿದವರ ಸಾವನ್ನು ಧ್ವನಿಸುವ ಖಂಡ. ಅಲ್ಲಿ ಮಾತ್ರ ಮಿಯಜಾವನು ಓಕಿನಾವದ ಶ್ರೇಣಿಯನ್ನು ಬುದ್ಧಿಪೂರ್ವಕವಾಗಿ ಕೈಬಿಟ್ಟಿರುವನು. ಆ ಸಾವನ್ನು ತಂದುದು ತನ್ನ ನಾಡು. ಅದನ್ನು ಹೇಳುವಾಗ ಸತ್ತವರ ರಾಗವನ್ನು ಬಳಸಲು ಅವನಿಗೆ ಮನಸ್ಸಾಗಲಿಲ್ಲ. ರಾಗವನ್ನು ಬಿಡುವುದೇ ಧ್ವನಿಯಾಗುವ ಇಂಥ ನಿದರ್ಶನವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಅದಕ್ಕೆ ನಾನು ಕೊಟ್ಟ ಅಂಕಗಳೆಷ್ಟು!

ಇದನ್ನು ಕೇಳಿದ ರಾತ್ರಿ ನನಗೆ ಶಾಕುಂತಲದ ಐದನೆಯ ಅಂಕ ನೆನಪಾಯಿತು. ಒಳಗಿನಿಂದ ಹಂಸಪದಿಕೆಯ ಹಾಡು ಕೇಳಿಬರುವುದು. ದುಷ್ಯಂತನು ರಸಿಕ, ಗೀತವನ್ನು ಕೂಡಲೇ ಹೊಗಳುವನು. ಮನಸ್ಸು ಕಾರಣವಿಲ್ಲದೆ ಕಳವಳಗೊಳ್ಳಲು, ಅದು ಜನ್ಮಾಂತರದ ಸ್ನೇಹಗಳ ನೆನಪಿರಬಹುದೆಂದು ಸುಂದರವಾಗಿ ತರ್ಕಿಸುವನು. ತಾನು ಮರೆತ ಶಕುಂತಲೆ ಬಾಗಿಲಿಗೆ ಬರುತ್ತಿರುವಳೆಂದು ಮಾತ್ರ ಅರಿಯನು. ನಾನು ಆ ಅಂಕವನ್ನು ಎಷ್ಟು ಸಲ ಪಾಠ ಹೇಳಿದ್ದೇನೆ! ರಾಜನ ಕಳವಳವನ್ನು ರಸಿಕತೆಯ ಪರಾಕಾಷ್ಠೆಯೆಂದೇ ವಿವರಿಸುತ್ತಿದ್ದೆನು. ಅವನು ತನ್ನ ಪಾಂಡಿತ್ಯದಿಂದಲೇ ಕಿವುಡಾದನೆಂಬುದು ಈಗ ಕಾಣುತ್ತಿದೆ.

ಹಾಗಾದರೆ ಭಾಷೆ ಕಲಿಯದವನು ಕೇಳಲೇ ಕೂಡದೆ? ಅದೂ ಅತಿರೇಕವೇ. ಅರ್ಜೆಂಟೀನದ ನಟ ಆಲ್ಫ್ರೆಡೊ ಕಸೆರೊ ಇದೇ ‘ಶಿಮಾ ಉತಾ’ವನ್ನು ಜಪಾನೀ ಮಾತುಗಳಲ್ಲಿಯೇ ಹಾಡಲು, 2002ರಲ್ಲಿ ಜಪಾನೀಯರೇ ಅವನನ್ನು ತಮ್ಮ ವರ್ಷಾಂತ್ಯದ ದೊಡ್ಡ ಗಾನಸಭೆಗೆ ಕರೆಸಿದರು. ಪರರ ಮಾತನ್ನು ಬದಲಿಸದೆ ಬಾಯಲ್ಲಿ ಹಿಡಿದುದೇ ಅವನ ಗೌರವ. ಮಿಸೊರ ಹಿಬರಿಯ (1937-1989) ಕಂಠದಲ್ಲಿ ಬರುವ ‘ಕೊಬುಷಿ’ ಎಂಬ ಸ್ವರಭಂಗಿಯನ್ನು ಗಮಕಕ್ಕೆ ಪಳಗಿದ ನಮ್ಮ ಕಿವಿ ಚೆನ್ನಾಗಿಯೇ ಹಿಡಿಯಬಲ್ಲುದು. ಕೊಗ ಮಸಾವೊ ಮಟ್ಟು ಹಾಕಿದ ಅವಳ 1966ರ ‘ಕನಶೀ ಸಕೆ’ಯಲ್ಲಿ ದುಃಖವು ಮರೆಯಿಲ್ಲದೆ ಹೊರಗೇ ಇರುವುದರಿಂದ ನಾವು ಅಷ್ಟಾಗಿ ಮೋಸಹೋಗುವ ಭಯವೂ ಇಲ್ಲ. ಮತ್ಸುಬಾರ ಮಿಕಿಯ 1979ರ ‘ಮಯೊನಕ ನೊ ದೋವ’ ಅವಳು ತೀರಿಕೊಂಡು ಹದಿನಾರು ವರ್ಷಗಳ ಮೇಲೆ, 2020ರಲ್ಲಿ, ಲೋಕದ ತರುಣರನ್ನೆಲ್ಲ ಮರುಳುಮಾಡಿತು. ಕಾಣದ ತೋಕ್ಯೋವಿಗಾಗಿ ಅವರು ಪಡುವ ಹಂಬಲವನ್ನು ನಾನು ಹಳಿಯಲಾರೆನು. ಕಾಣದ ಅಳಕಾಪುರಿಗಾಗಿ ನಾನೂ ಹಂಬಲಿಸಿದವನೇ. ಅದು ತೋಕ್ಯೋ ಅಲ್ಲವೆಂಬ ಎಚ್ಚರವಿದ್ದರಾಯಿತು.

ಈಗ ಮಗಳು ಹಾಡಿನೊಡನೆ ಪದಶಃ ಅರ್ಥವನ್ನೂ ಬರೆದು ಕಳುಹಿಸುವಳು. ನಾನು ಮೊದಲು ಹಾಡನ್ನು ಕೇಳಿ, ನನ್ನ ಊಹೆಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ಆಮೇಲೆ ಅವಳ ಕಾಗದವನ್ನು ನೋಡುವೆನು. ಈವರೆಗೆ ಹನ್ನೊಂದು ಹಾಡುಗಳಾಗಿವೆ, ನಾಲ್ಕರಲ್ಲಿ ತೇರ್ಗಡೆಯಾಗಿರುವೆನು. ನಮ್ಮ ಸಂಘದ ಪುಸ್ತಕಭಂಡಾರದಲ್ಲಿರುವ ಕಳೆದ ವರ್ಷದ ಸಂಪುಟದಲ್ಲಿ ‘ಉತ್ಸವಗೀತ’ವೆಂಬ ಮಾತನ್ನೂ, ಅದರ ಕೆಳಗಿನ ಬುದ್ಧಿವಾದದ ಏಳು ಸಾಲುಗಳನ್ನೂ, ಕಾರ್ಯದರ್ಶಿಗಳ ಅಪ್ಪಣೆ ಪಡೆದು, ಕೆಂಪು ಶಾಯಿಯಿಂದ ಹೊಡೆದು ಹಾಕಿರುವೆನು. ತಮ್ಮ ಮನೆಗಳಲ್ಲಿ ಆ ಸಂಚಿಕೆಯನ್ನು ಇಟ್ಟುಕೊಂಡಿರುವ ವಾಚಕರು ದಯವಿಟ್ಟು ಹಾಗೆಯೇ ತಿದ್ದಿಕೊಳ್ಳಬೇಕಾಗಿ ಪ್ರಾರ್ಥನೆ.