ಒಬ್ಬರೇ ಕೂರುವ ಪೀಠ

ಕಟ್ಟೆಮಳಲವಾಡಿಯಂಥ ಹುಣಸೂರು ಸೀಮೆಯ ಊರಿನಿಂದ ಸೇನೆಗೆ ಹೋಗುವ ಹುಡುಗ ಸಾಮಾನ್ಯವಾಗಿ ಸಿಪಾಯಿಯಾಗಿಯೇ ಸೇರುತ್ತಾನೆ. ಹಾಗಾಗಿ ಸೈನಿಕ ನ್ಯಾಯವ್ಯವಸ್ಥೆಯ ಸುಧಾರಣೆಯನ್ನು ನಾನು ಅವನ ಕಡೆಯಿಂದಲೇ ನೋಡುತ್ತೇನೆ.

1950ರ ಸೇನಾ ಕಾಯ್ದೆಯ 116ನೇ ಕಲಂ ಪ್ರಕಾರ, ಸಿಪಾಯಿಯನ್ನು ತ್ವರಿತವಾಗಿ ವಿಚಾರಿಸುವ ಸೇನಾ ನ್ಯಾಯಾಲಯವಾದ ಸಮರಿ ಕೋರ್ಟ್ ಮಾರ್ಷಲ್ ಎಂದರೆ ಕಮಾಂಡಿಂಗ್ ಆಫೀಸರ್ ಒಬ್ಬರೇ. ಪಕ್ಕದಲ್ಲಿ ಇನ್ನಿಬ್ಬರು ಕೂರುತ್ತಾರೆ; ಅವರಿಗೆ ಪ್ರಮಾಣವಚನವೂ ಇಲ್ಲ. ಆರೋಪಿ ವಕೀಲರನ್ನು ಕರೆತರಬಹುದು, ಆದರೆ ವಕೀಲರು ಪೀಠದ ಮುಂದೆ ಬಾಯಿ ಬಿಡುವಂತಿಲ್ಲ. ಸಾಕ್ಷಿಗೆ ಹಾಕಬೇಕಾದ ಪ್ರಶ್ನೆಯನ್ನು ಸಿಪಾಯಿಯ ಕಿವಿಯಲ್ಲಿ ಹೇಳಬೇಕು. ಅವನು ತನ್ನ ಸಾಹೇಬರೆದುರು ನಿಂತು ಅದನ್ನು ಕೇಳಬೇಕು. ಶಿಕ್ಷೆ ಒಂದು ವರ್ಷದ ಜೈಲು, ವಜಾವರೆಗೂ ಹೋಗಬಹುದು. ಆಫೀಸರನ್ನಾಗಲಿ ಜೂನಿಯರ್ ಕಮಿಷನ್ಡ್ ಆಫೀಸರನ್ನಾಗಲಿ (ಜೆಸಿಒ) ಹೀಗೆ ವಿಚಾರಿಸುವಂತಿಲ್ಲ.

ಸಿಗ್ನಲ್‌ಮನ್ ರಂಜಿತ್ ಠಾಕೂರ್ 1985ರಲ್ಲಿ ನೌಕರಿ ಕಳೆದುಕೊಂಡದ್ದು ಇಂಥದೇ ಪೀಠದೆದುರು. ಊಟ ಮಾಡು ಎಂಬ ಆಜ್ಞೆಗೆ ಒಲ್ಲೆ ಎಂದದ್ದಕ್ಕೆ ವರ್ಷದ ಜೈಲು, ಕೆಲಸದಿಂದ ವಜಾ. ಯಾರ ಮೇಲೆ ಅವರು ದೂರು ಬರೆದಿದ್ದರೋ ಅದೇ ಅಧಿಕಾರಿ ವಿಚಾರಣೆಗೆ ಕುಳಿತಿದ್ದರು. ನಮ್ಮ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ 1987ರ ತೀರ್ಪು ಆ ವಿಚಾರಣೆಯನ್ನೂ ಶಿಕ್ಷೆಯನ್ನೂ ರದ್ದು ಮಾಡಿತು. ತಪ್ಪಿಗೂ ಶಿಕ್ಷೆಗೂ ತಾಳೆಯೇ ಇರಲಿಲ್ಲ. ಇಂಥವರು ಪೀಠದಲ್ಲಿ ಕೂರಬಾರದೆಂದು ಹೇಳುವ ಅವಕಾಶವನ್ನೂ ಆರೋಪಿಗೆ ಕೊಟ್ಟಿರಲಿಲ್ಲ.

ಕೋರ್ಟ್ ಮಾರ್ಷಲ್ ಮೇಲೆ ಮೇಲ್ಮನವಿ ಇಲ್ಲವೆಂಬ ಕೊರತೆಯನ್ನು ಸುಪ್ರೀಂ ಕೋರ್ಟ್ 1982ರಲ್ಲೇ ಎತ್ತಿ ತೋರಿಸಿತ್ತು. ಸಂಸತ್ತು ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯ್ದೆ ಮಾಡಿದ್ದು 2007ರಲ್ಲಿ. ದೊಡ್ಡ ಹೆಜ್ಜೆಯೇ, ಅನುಮಾನವಿಲ್ಲ. ಆದರೆ ವಜಾ ಅಥವಾ ಮೂರು ತಿಂಗಳು ಮೀರಿದ ಜೈಲು ಇಲ್ಲದ ಸಮರಿ ಕೋರ್ಟ್ ಮಾರ್ಷಲ್‌ಗಳನ್ನು ಆ ಕಾಯ್ದೆ 'ಸೇವಾ ವಿಷಯ'ದ ವ್ಯಾಖ್ಯೆಯಿಂದಲೇ ಹೊರಗಿಟ್ಟಿತು. ಮೂಲ ವಿಚಾರಣೆಯ ರೀತಿಯನ್ನಂತೂ ಮುಟ್ಟಲೇ ಇಲ್ಲ. ಅನ್ಯಾಯ ನಡೆದ ಮೇಲೆ ದೂರದ ಪೀಠಕ್ಕೆ ಅಲೆಯುವ ದಾರಿ ಸಿಕ್ಕಿತು, ನಡೆಯುವ ಜಾಗದಲ್ಲಿ ತಡೆ ಸಿಗಲಿಲ್ಲ.

ಗಡಿಯಲ್ಲಿ ಶಿಸ್ತಿಗೆ ತಡ ಸಲ್ಲದು ಎನ್ನುತ್ತಾರೆ. ಒಪ್ಪುತ್ತೇನೆ. ಅದಕ್ಕೆಂದೇ ಕಾಯ್ದೆಯಲ್ಲಿ ಸಮರಿ ಜನರಲ್ ಕೋರ್ಟ್ ಮಾರ್ಷಲ್ ಇದೆ. ಅಲ್ಲಿ ಕೂಡ ಕನಿಷ್ಠ ಮೂವರು ಅಧಿಕಾರಿಗಳು ಕೂರಲೇಬೇಕು. ಯುದ್ಧಭೂಮಿಗೆ ಮೂವರು ಸಿಗುವುದಾದರೆ ಶಾಂತಿಕಾಲದ ಕಂಟೋನ್ಮೆಂಟಿಗೆ ಒಬ್ಬರೇ ಏಕೆ ಸಾಕು?

ಸಿಪಾಯಿ ಬಯಸಿದರೆ, ಒಬ್ಬರಿಗಿಂತ ಹೆಚ್ಚು ಅಧಿಕಾರಿಗಳು ಕೂರುವ ಡಿಸ್ಟ್ರಿಕ್ಟ್ ಕೋರ್ಟ್ ಮಾರ್ಷಲ್ ಕೇಳುವ ಹಕ್ಕು ಅವನಿಗಿರಲಿ, ಅವನ ವಕೀಲರಿಗೆ ಮಾತನಾಡಲು ಬಿಡಲಿ. ಈ ಎರಡು ತಿದ್ದುಪಡಿಗಳನ್ನು ನಮ್ಮ ಭಾಗದ ಸಂಸದರು ಲೋಕಸಭೆಯಲ್ಲಿ ಕೇಳಬೇಕು.